ನಮ್ಮ ಗುಡ್ಡ ಕಾಯ್ದ ಕಥೆ

ಗ್ರಾಮ ಅರಣ್ಯ ಸಮಿತಿಯ ಅಧ್ಯಕ್ಷನಾದವನು ಫಜೀತಿ ಹುಡುಕಿಕೊಂಡು ಹೋಗಬೇಕಿಲ್ಲ, ಅದೇ ಮನೆ ಕೇಳಿಕೊಂಡು ಬರುತ್ತದೆ. ಕಬ್ಬೂರಿನಾಚೆಗಿನ ನಮ್ಮೂರ ಬೋಳು ಗುಡ್ಡವನ್ನು ಅರಣ್ಯ ಇಲಾಖೆ ನಮ್ಮ ಜೊತೆ ಸೇರಿ ಬೆಳೆಸಲು ಒಪ್ಪಿತ್ತು. ಸಸಿ ಅವರದು, ಕಾವಲು ನಮ್ಮದು. ಐದನೇ ವರ್ಷ ತಪಾಸಣೆ. ಗಿಡ ಉಳಿದಿದ್ದರೆ ಹುಲ್ಲು, ಉರುವಲು ಊರಿಗೆ. ಇಲ್ಲವಾದರೆ ಸಮಿತಿಯೇ ರದ್ದು. ಈಗ ಸಮಿತಿ ಇಲ್ಲ. ಗುಡ್ಡದ ಕಡೆ ಮುಖ ಮಾಡಿ ಕೂರಲೂ ನನಗೆ ಮನಸ್ಸಾಗುವುದಿಲ್ಲ.

೧. ಅರ್ಜಿ

ಒಣ ಕಟ್ಟಿಗೆ ಆರಿಸಲು ಹೋದ ನನ್ನ ಹೆಂಡತಿಯನ್ನು ಅರಣ್ಯ ಇಲಾಖೆಯ ಗಾರ್ಡ್ ತಡೆದು, ಅಧ್ಯಕ್ಷರ ಚೀಟಿ ತರಲು ಹೇಳಿ ಕಳಿಸಿದ. ಅಧ್ಯಕ್ಷ ನಾನೇ. ಮನೆಯವಳಿಗೇ ಮೊದಲು ಚೀಟಿ ಕೊಟ್ಟರೆ ಊರು ಏನಂದೀತು? ಅರ್ಜಿ ಕೊಡು, ಮೀಟಿಂಗಿನಲ್ಲಿ ಇಡುತ್ತೇನೆ ಅಂದೆ. ಮಧ್ಯಾಹ್ನ ಅವಳು ತಾಟಿನಲ್ಲಿ ಜೋಳದ ಹಿಟ್ಟು ಹಾಕಿ ಮುಂದಿಟ್ಟಳು.

"ಮೀಟಿಂಗ್ ಆದಮ್ಯಾಲ ರೊಟ್ಟಿ ಬಡೀತೀನ್ರಿ."

೨. ಪಾಳಿ

ಗುಡ್ಡ ಕಾಯಲು ದಿನಕ್ಕೊಂದು ಮನೆಯ ಪಾಳಿ. ಆಡು ಸಾಕಿದವನೊಬ್ಬನ ಪಾಳಿಯ ದಿನ ಸಂಜೆ ಹೋಗಿ ನೋಡಿದೆ. ಒಂದಿಡೀ ಸಾಲಿನ ಸಸಿಗಳಲ್ಲಿ ಬರೀ ಕಡ್ಡಿ ಉಳಿದಿತ್ತು. ಅವನು ಎಲ್ಲಿಗೂ ಹೋಗಿರಲಿಲ್ಲ, ಬೆಳಗಿನಿಂದ ಕೋಲು ಹಿಡಿದು ಅಲ್ಲೇ ಕೂತಿದ್ದ. ಸುತ್ತಲೂ ಅವನ ಆಡುಗಳಿದ್ದವು. ಇದೇನೋ ಎಂದರೆ ಅವನಿಗೇ ಬೇಸರ.

"ನಾ ಗುಡ್ಡ ಕಾಯಾಕ ಬಂದ್ರ ಇವನ್ನ ಯಾರು ಕಾಯಬೇಕ್ರಿ? ಬ್ಯಾರೆ ಊರಿನ ಆಡಿಗೆ ಒಂದು ಎಲಿ ಮುಟ್ಟಗೊಟ್ಟಿಲ್ರಿ."

೩. ತಪಾಸಣೆ

ಆದರೂ ಉಳಿದ ಸಾಲುಗಳ ಬೇವು, ಹೊಂಗೆ ಆಳೆತ್ತರ ಬೆಳೆದವು. ತಪಾಸಣೆಯ ದಿನ ಇಲಾಖೆಯ ದೊಡ್ಡ ಸಾಹೇಬರನ್ನು ಕರೆತರಲು ನಾನು ಚಿಕ್ಕೋಡಿಗೆ ಹೋದೆ. ಬರುವ ದಾರಿಯುದ್ದಕ್ಕೂ ಅವರ ಮುಂದೆ ನಾನು ನಮ್ಮ ಗಿಡಗಳನ್ನು ಹೊಗಳಿದ್ದೇ ಹೊಗಳಿದ್ದು. ಊರಲ್ಲಿ ಹಿರಿಯರಿಗೆ ಬೇರೆಯೇ ಚಿಂತೆ. ದೊಡ್ಡವರು ಬಂದರೆ ಹಸಿರು ಟೊಂಗೆಗಳ ಹಂದರ ಹಾಕಿಯೇ ಕೂರಿಸುವುದು ನಮ್ಮ ರೂಢಿ. ದಾರಿಬದಿಯ ಮರಗಳು ರಸ್ತೆ ಅಗಲ ಮಾಡುವಾಗಲೇ ಹೋಗಿದ್ದವು, ಹೊಲದಲ್ಲಿ ಕಬ್ಬು ಬಿಟ್ಟರೆ ಬೇರೆ ಹಸಿರಿಲ್ಲ.

ನಾವು ಬಂದಾಗ ಗುಡ್ಡದ ಬುಡದಲ್ಲಿ ಭರ್ಜರಿ ಹಂದರ ಎದ್ದಿತ್ತು. ಸಾಹೇಬರು ಕೂತು ಚಹಾ ಕುಡಿದು, ಎಂಥಾ ತಂಪು ಎಂದು ಮೆಚ್ಚಿದರು. ನಾನು ಹಂದರ ನೋಡಿದೆ, ಆಮೇಲೆ ಗುಡ್ಡ ನೋಡಿದೆ. ಸಾಹೇಬರು ಪೆನ್ನು ತೆಗೆದು, ಗಿಡ ಎಲ್ಲಿ ತೋರಿಸಿ ಅಂದರು.

ಊರ ಹಿರಿಯರೊಬ್ಬರು ಕೈಮುಗಿದು ಮುಂದೆ ಬಂದರು.

"ಅದರ ನೆರಳಾಗ ಕುಂತೀರಲ್ರಿ ಸಾಹೇಬ್ರ. ನಿಮ್ಮ ಸಲುವಾಗಿ ಒಂದು ಗಿಡಾನೂ ಬಿಟ್ಟಿಲ್ರಿ."