ತಪಸ್ಸುಕಾಲದ ತಾಳ

ದೊಡ್ಡಪ್ಪನ ಅಕಾರ್ಡಿಯನ್ ಮಂಚದ ಕೆಳಗೆ ಸೇರಿತ್ತು. ಇಷ್ಟಕ್ಕೇ ಒವೀಡ್ ಟ್ರಾಹಾನನ ಬಾಳು ಹಾಳಾಗುವುದರಲ್ಲಿತ್ತು.

ಹನ್ನೊಂದು ವರ್ಷ ಅಕ್ಕಿ ಗಿರಣಿಯಲ್ಲಿ ಮೂಟೆ ಹೊತ್ತು ಅವನು ಕಾದಿದ್ದು ತನ್ನದೇ ಆದ ಒಂದು ಕಂಟ್ರಿ ಶೈಲಿಯ ಹಾಡುಗಳ ಆಲ್ಬಮ್ಮಿಗೆ. ಒಂಬತ್ತು ಹಾಡು ಮುಗಿದಿದ್ದವು. ಹತ್ತನೆಯದಕ್ಕೆ ನಿಮ್ಮೂರ ಕೇಜನ್ ಜನ ನುಡಿಸುವ ಅಕಾರ್ಡಿಯನ್ ಬೇಕೇ ಬೇಕು, ಸಂಜೆ ಐದರೊಳಗೆ ಬರದಿದ್ದರೆ ಆಲ್ಬಮ್ಮೇ ಇಲ್ಲ ಎಂದು ನ್ಯಾಶ್ವಿಲ್‌ನ ರೆಕಾರ್ಡಿಂಗ್ ಕಂಪನಿಯ ಡೆಲ್ಮರ್ ಬೆಳಿಗ್ಗೆ ಫೋನಿನಲ್ಲಿ ಹೇಳಿಬಿಟ್ಟಿದ್ದ.

"ಈಸ್ಟರ್‌ವರೆಗೆ ಅದು ಈಚೆ ಬರಲ್ಲ ಕಣೋ," ಎಂದ ದೊಡ್ಡಪ್ಪ ಸೋಸ್ಥೆನ್. "ಉಪವಾಸದ ಈ ನಲವತ್ತು ದಿನ, ತಪಸ್ಸುಕಾಲದಲ್ಲಿ, ನಮ್ಮಪ್ಪ ಯಾವತ್ತೂ ನುಡಿಸಲಿಲ್ಲ, ನಾನೂ ನುಡಿಸಲ್ಲ."

ಅನುಮತಿ ಕೇಳಲು ಒವೀಡ್ ಚರ್ಚಿಗೆ ಓಡಿದ. ಫಾದರ್ ಕ್ಲೋವಿಸ್ ಗಲ್ಲ ಕೆರೆದುಕೊಂಡರು.

"ಕೆಲಸ ಅಂದ್ಮೇಲೆ ತಪ್ಪಿಲ್ಲ. ಆದ್ರೆ ಯಾರೂ ಖುಷಿಪಡಬಾರದು. ತಾಳಕ್ಕೆ ಕಾಲು ಅಲ್ಲಾಡಿಸಿದೋರು ಈಸ್ಟರ್‌ವರೆಗೆ ದಿನಾ ಚರ್ಚಿನ ನೆಲ ಒರೆಸಬೇಕು."

ಫಾದರ್ ಮಾತು ಒವೀಡ್‌ಗಿಂತ ಮುಂಚೆ ಬೀದಿ ಮುಟ್ಟಿತ್ತು. ಅವನು ಮನೆಗೆ ಬರುವಷ್ಟರಲ್ಲಿ ಪಕ್ಕದ ಮನೆಯ ಅಝೆಲಿ ಅತ್ತೆ ಕುರ್ಚಿ ಹಾಕಿಕೊಂಡು ಕೂತಿದ್ದಳು. ಹಿಂದೆ ಅರ್ಧ ಬೀದಿಯೇ ಸಿಗಡಿ ಸಾರಿನ ಪಾತ್ರೆ ಸಮೇತ ನೆರೆದಿತ್ತು.

"ನೀವೆಲ್ಲ ಯಾಕೆ ಬಂದ್ರಿ?"

"ಯಾರೂ ಖುಷಿಪಡದ ಹಾಗೆ ನೋಡ್ಕೊಳ್ಳೋಕೆ," ಎಂದಳು ಅತ್ತೆ. " ನಿನ್ನ ಕಾಲಿನ ಚಿಂತೆ ಇಲ್ಲ ಬಿಡು. ಮದುವೆ ಕುಣಿತದಲ್ಲೇ ಹೆಂಡ್ತಿ ಹೆಬ್ಬೆರಳು ಮುರಿದೋನು ನೀನು. ನಿನಗೂ ತಾಳಕ್ಕೂ ಆಗಿಬರಲ್ಲ."

ಫಾದರ್ ಒಪ್ಪಿದ್ದಾರೆಂದ ಮೇಲೆ ದೊಡ್ಡಪ್ಪ ಅಕಾರ್ಡಿಯನ್ ಈಚೆಗೆ ಎಳೆದ. ಮನೆಯಲ್ಲೇ ರೆಕಾರ್ಡಿಂಗ್ ಶುರುವಾಯಿತು. ಎರಡು ಸಾಲು ದಾಟಿರಲಿಲ್ಲ, ಅತ್ತೆ ಕಿರುಚಿದಳು: "ಕಾಲು! ಸೋಸ್ಥೆನ್ ಕಾಲು!"

"ಅದು ವಾತ ಕಣೇ," ಎಂದ ದೊಡ್ಡಪ್ಪ.

ವಾತಕ್ಕೆ ಮದ್ದೆಂದು ಅವನ ಕಾಲುಗಳನ್ನು ನೀರಿನ ಬಕೆಟ್ಟಿನಲ್ಲಿ ಇಳಿಸಿದರು. ನೀರೇ ತಾಳಕ್ಕೆ ಸರಿಯಾಗಿ ಚೆಲ್ಲತೊಡಗಿತು. ಕಾಲುಗಳನ್ನು ಕುರ್ಚಿಗೆ ಕಟ್ಟಿದರು. ಕುರ್ಚಿ ಕುಣಿಯಿತು. ಕೊನೆಗೆ ಇಬ್ಬರು ಅದನ್ನು ಓಡಿಹೋಗುವ ಹಂದಿಯಂತೆ ಹಿಡಿದುಕೊಂಡರು.

"ಅತ್ತೆ, ಈಗ ನಿಮ್ಮ ಭುಜ!" ಒವೀಡ್ ಹಲ್ಲು ಕಡಿದ.

"ಫಾದರ್ ಭುಜದ ಬಗ್ಗೆ ಏನೂ ಹೇಳಿಲ್ಲ."

ಹದಿನಾಲ್ಕು ಸಲ ಹಾಡಿ ಹದಿನಾಲ್ಕೂ ಕೆಟ್ಟವು. ನಾಲ್ಕೂವರೆಗೆ ಫಾದರ್ ಕ್ಲೋವಿಸ್ ತಾವೇ ನೋಡಲು ಬಂದು ಹಿಂದೆ ಕೂತರು. ಅವರನ್ನು ಕಂಡದ್ದೇ ಎಲ್ಲರೂ ಕಲ್ಲಾದರು. ದೊಡ್ಡಪ್ಪ ನುಡಿಸಿದ, ಒವೀಡ್ ಹಾಡಿದ. ಹಾಡು ಅರ್ಧ ದಾಟಿದಾಗ ಎಲ್ಲಿಂದಲೋ ಟಕ್-ಟಕಾ-ಟಕ್ ಎಂಬ ಸದ್ದು. ಅಝೆಲಿ ಅತ್ತೆ ಬಾಯಿ ತೆರೆದು ಸದ್ದು ಬಂದ ಕಡೆ ತಿರುಗಿದಳು. ನಿಲುವಂಗಿಯ ಕೆಳಗೆ ಫಾದರ್ ಅವರ ಕರಿ ಬೂಟು ಕಂಡಿತು. ಅತ್ತೆ ಬಾಯಿ ಮುಚ್ಚಿಕೊಂಡಳು.

ಐದಕ್ಕೆ ಹತ್ತು ನಿಮಿಷ. ಇನ್ನೊಮ್ಮೆ ಹಾಡಲು ಹೊತ್ತಿರಲಿಲ್ಲ. ಒವೀಡ್ ಅದನ್ನೇ ಕಂಪನಿಗೆ ಕಳಿಸಿದ. ಸ್ವಲ್ಪ ಹೊತ್ತಿಗೆ ಫೋನ್ ಬಂತು. ಎಲ್ಲರೂ ಕೇಳಬೇಕೆಂದು ಅತ್ತೆ ಅದರ ಸ್ಪೀಕರ್ ಒತ್ತಿದಳು.

"ಅಕಾರ್ಡಿಯನ್ ಪರವಾಗಿಲ್ಲ," ಎಂದ ಡೆಲ್ಮರ್. "ಆದ್ರೆ ತಾಳ ಹಾಕಿದ ಆ ಕಾಲು ಯಾರದಯ್ಯಾ? ಹತ್ತೂ ಹಾಡಿಗೂ ಆ ಕಾಲೇ ಬೇಕು. ಇಲ್ಲದಿದ್ರೆ ಆಲ್ಬಂ ಇಲ್ಲ."

ಫಾದರ್ ಕಡೆ ಕಣ್ಣು ಹಾಯಿಸದೆ ಇಡೀ ಕೋಣೆ ಸಾರಿನ ಪಾತ್ರೆಯನ್ನೇ ನೋಡುತ್ತಿತ್ತು. ಫಾದರ್ ಕ್ಲೋವಿಸ್ ಎದ್ದು ಬಂದು ಒವೀಡನ ಹೆಗಲ ಮೇಲೆ ಕೈಯಿಟ್ಟರು. ಬೆರಳುಗಳು ಇಕ್ಕಳದಂತೆ ಬಿಗಿದವು.

"ನಿಂದೇ ಅಲ್ವೇನಪ್ಪಾ?"

ಹನ್ನೊಂದು ವರ್ಷದ ಮೂಟೆಗಳೆಲ್ಲ ಒವೀಡನ ಕಣ್ಮುಂದೆ ಬಂದವು. "ನಂದೇ," ಎಂದ.

"ಭೇಷ್! ಸೋಮವಾರ ನ್ಯಾಶ್ವಿಲ್‌ಗೆ ಬಂದ್ಬಿಡು, ಕಾಲು ಸಮೇತ!" ಎಂದ ಡೆಲ್ಮರ್.

ಅಝೆಲಿ ಅತ್ತೆ ದೊಡ್ಡಪ್ಪನ ಕಾಲಿನ ಬಕೆಟ್ಟನ್ನು ತಂದು ಒವೀಡನ ಮುಂದಿಟ್ಟಳು.

"ಸೋಮವಾರಕ್ಕೆ ಇನ್ನೂ ಮೂರು ದಿನ ಇದೆ. ಚರ್ಚಿನ ನೆಲ ಒರೆಸ್ತಾ ಒರೆಸ್ತಾ ತಾಳ ಕಲ್ತ್ಕೋ," ಎಂದಳು. "ಆದ್ರೆ ಕಾಲು ಮಾತ್ರ ಅಲ್ಲಾಡಿಸ್ಬೇಡ."