ಮೆಹಂದಿ ಡಬ್ಬಿಯಲ್ಲಿ ನನ್ನ ಗಂಡಸ್ತನ

ಬರುವ ಯುಗಾದಿಯೊಳಗೆ ನಮ್ಮ ಮನೆಯಲ್ಲಿ ತೊಟ್ಟಿಲು ತೂಗದಿದ್ದರೆ ನನ್ನ ಹೆಸರು ಅನೀಲಕುಮಾರನೇ ಅಲ್ಲ! ಕಾರಹುಣ್ಣಿಮೆಯ ಬೆಳಗ್ಗೆ ಕನ್ನಡಿಯ ಮುಂದೆ ನಿಂತು, ಮೀಸೆಯ ಮೇಲೆ ಕೈಯಿಟ್ಟು ಹೀಗೆ ಘೋಷಿಸಿದವನು ನಾನೇ. ಕೇಳಿಸಿಕೊಂಡವರು ಯಾರೂ ಇರಲಿಲ್ಲ, ಅದೊಂದು ಪುಣ್ಯ.

ಮದುವೆಯಾಗಿ ಏಳು ವರ್ಷ. ನನ್ನ ಹೆಂಡತಿ ಸಿದ್ದೇಶ್ವರಿ ಭಾಲ್ಕಿಯವಳು. ಅವಳ ಆಸ್ಪತ್ರೆ ಫೈಲು ಇಟ್ಟಿಗೆಯಷ್ಟು ದಪ್ಪ. ರಕ್ತ ಕೊಟ್ಟಳು, ಸ್ಕ್ಯಾನ್ ಮಾಡಿಸಿದಳು, ಸೂಜಿ ಚುಚ್ಚಿಸಿಕೊಂಡಳು. ಎಲ್ಲದರಲ್ಲೂ ‘ತೊಂದರೆ ಇಲ್ಲ’ ಎಂದೇ ಬಂತು. ಆದರೂ ತವರಿನಲ್ಲಿ ಯಾರದಾದರೂ ತೊಟ್ಟಿಲ ಕಾರ್ಯವಾದರೆ ಕೂಸನ್ನು ಅವಳ ಕೈಗೆ ಕೊಡುತ್ತಿರಲಿಲ್ಲ. ಮನೆಗೆ ಬಂದು ಬಚ್ಚಲಲ್ಲಿ ನಲ್ಲಿ ತಿರುಗಿಸಿ ಅಳುತ್ತಿದ್ದಳು. ನಾನು ಟಿವಿಯ ದನಿ ಜೋರು ಮಾಡುತ್ತಿದ್ದೆ. ಹೌದು, ಅಂಥವನೇ ನಾನು!

"ನಿಮ್ದೂ ಒಂದು ತಪಾಸಣಿ ಆಗಬೇಕಂತ್ರೀ. ಡಾಕ್ಟರಮ್ಮ ಈ ಸಲಾನೂ ಕೇಳಿದ್ರು," ಎನ್ನುತ್ತಿದ್ದಳು.

"ನನಗೇನ್ ಧಾಡಿ ಆಗ್ಯಾದ? ಐವತ್ತು ಕಿಲೋ ಚೀಲ ಒಬ್ಬನೇ ಎತ್ತತೇನಿ!"

"ಚೀಲ ಎತ್ತೋ ತಪಾಸಣಿ ಅಲ್ರೀ ಅದು."

ಹೊರಗೆ ಹೀಗೆ ಗುಡುಗಿದರೂ ಒಳಗೆ ಹೆದರಿಕೆ. ಕನ್ನಡಿಯ ಮುಂದೆ ಘೋಷಿಸಿದ ತಿಂಗಳಿಗೆ ಗುಟ್ಟಾಗಿ ಔರಾದ ಬಸ್ಸು ಹತ್ತಿ ಡಾಬಕಾಕ್ಕೆ ಹೋದೆ. ನಮ್ಮವ್ವನ ದೂರದ ಅಣ್ಣ ಧೊಂಡಿಬಾ ಮಾವ ಅಲ್ಲಿ ಕುರಿ ಸಾಕುತ್ತಾನೆ, ಗಿಡಮೂಲಿಕೆ ಔಷಧವನ್ನೂ ಕೊಡುತ್ತಾನೆ. ಗಡಿ ಊರಿನವನಲ್ಲವೇ, ಮಾತು ಅರ್ಧ ಮರಾಠಿ. ಹೆಣ್ಣು ಕುರಿ ಅವನ ಬಾಯಲ್ಲಿ ‘ಮೆಂಢಿ’. ಸಾಲದ್ದಕ್ಕೆ ಕಿವಿ ಮಂದ.

"ಮಾವಾ, ನಮ್ಮ ದೋಸ್ತಗ ಮಕ್ಕಳಾಗವಲ್ದು," ಎಂದು ಅವನ ಕಿವಿಯಲ್ಲಿ ಕೂಗಿದೆ.

"ದೋಸ್ತಗ ಹೌದಿಲ್ಲೋ?" ಎಂದು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ನೆಗ್ಗಿಲಮುಳ್ಳು ಅದ, ಅಶ್ವಗಂಧ ಅದ, ಹೆಸರ ಹೇಳಬಾರದ ಎರಡು ಎಲಿ ಅವ. ನಲವತ್ತು ದಿನ ಆಡಿನ ಹಾಲಿನ್ಯಾಗ ಕುಡಿ ಅನ್ನು, ನಿನ್ನ ದೋಸ್ತಗ!"

ಹಸಿರು ಪುಡಿ ಮನೆಗೆ ಬಂತು. ಹೆಂಡತಿಯ ಕಣ್ಣಿಗೆ ಬಿದ್ದರೆ ಮರ್ಯಾದೆ ಏನಾಗಬೇಕು? ಊರ ಹೊರಗಿನ ಕೊಳಾರದ ಗೋಡೌನಿನಲ್ಲಿ ನಾನು ಹನ್ನೆರಡು ವರ್ಷದ ಸ್ಟೋರ್‌ಕೀಪರ್. ನಾನು ಚೀಟಿ ಅಂಟಿಸಿದ ಒಂದೇ ಒಂದು ಪೆಟ್ಟಿಗೆ ತಪ್ಪು ಲಾರಿ ಹತ್ತಿಲ್ಲ! ಹಳೆಯ ಡಬ್ಬಿಯೊಂದಕ್ಕೆ ಪುಡಿ ತುಂಬಿ, ಮೇಲೆ ‘ಮೆಹಂದಿ’ ಎಂದು ದುಂಡಗೆ ಬರೆದು ಚೀಟಿ ಅಂಟಿಸಿದೆ. ಅಲಮಾರಿಯ ಮೇಲಿಟ್ಟು ನನ್ನ ಬುದ್ಧಿಗೆ ನಾನೇ ಶಹಬ್ಬಾಸ್ ಅಂದುಕೊಂಡೆ.

ಬೆಳಗ್ಗೆ ಅವಳು ಬೀದಿ ನಲ್ಲಿಗೆ ಕೊಡ ಹಿಡಿಯಲು ಹೋದಾಗ ನನ್ನ ಮದ್ದಿನ ವೇಳೆ. ಮೂರನೆಯ ವಾರಕ್ಕೆ ಹಾಲಿನ ರುಚಿಯೇ ಬದಲಾಯಿತು. ಔಷಧ ಹದಕ್ಕೆ ಬಂದಿದೆ ಎಂದು ಹಿಗ್ಗಿ ಎರಡು ಚಮಚ ಹೆಚ್ಚು ಹಾಕಿದೆ. ನಾಗರ ಪಂಚಮಿಯ ಮರುದಿನ ಹೊಟ್ಟೆಯಲ್ಲಿ ಒನಕೆ ಕುಟ್ಟತೊಡಗಿತು. ವಾಂತಿಯ ಮೇಲೆ ವಾಂತಿ! ನಾಲಿಗೆ ಕೆಂಪು, ತುಟಿ ಕೆಂಪು. ಸತ್ತೇ ಹೋಗುತ್ತೇನೆ ಎಂದುಕೊಂಡೆ.

"ಏನ್ ತಿಂದೀರಿ ಹೇಳ್ರೀ!" ಸಿದ್ದೇಶ್ವರಿ ನನ್ನ ಭುಜ ಹಿಡಿದು ಅಲುಗಿಸಿದಳು.

ನಾನು ಅಲಮಾರಿಯ ಮೇಲೆ ಬೆರಳು ತೋರಿಸಿದೆ.

"ಅಯ್ಯ ನಮ್ಮವ್ವ! ಅದು ಮೆಹಂದಿರೀ!"

"ಅಲ್ಲ... ಅದು ಔಷಧ. ಮಕ್ಕಳಾಗೋ ಔಷಧ."

ಅವಳು ಗೋಡೆಗೆ ಒರಗಿ ಕುಳಿತುಬಿಟ್ಟಳು. "ಪಂಚಮಿಗಿ ನನಗಂತ ತಂದಿಟ್ಟೀರಿ ಅನಕೊಂಡೆ. ಏಳು ವರ್ಷದಾಗ ಮೊದಲ ಸಲ! ಕೈಗಿ ಹಚ್ಚಿಕೊಂಡ್ರ ಕುರಿ ಹಟ್ಟಿ ವಾಸನಿ, ಬಣ್ಣ ಹತ್ತಲೇ ಇಲ್ಲ. ಬಣ್ಣ ಹತ್ತಲಿಲ್ಲಂದ್ರ ಗಂಡನ ಜೀವ ನಮ್ಮ ಮ್ಯಾಲ ಇಲ್ಲಂತಾರ. ನಿಮಗ ಬ್ಯಾಸರ ಆಗ್ತದಂತ ಅದನ್ನ ಚೆಲ್ಲಿ, ಬಜಾರದಿಂದ ಬ್ಯಾರೆ ತಂದು ತುಂಬಿಟ್ಟೇನಿ."

ಅವಳ ಅಂಗೈ ಕೆಂಪಗಿತ್ತು. ನನ್ನ ನಾಲಿಗೆಯೂ ಅದೇ ಬಣ್ಣ. ನಾಚಿಕೆಯಿಂದ ಆ ಡಬ್ಬಿಯೊಳಗೇ ಹೊಕ್ಕು ಮುಚ್ಚಳ ಹಾಕಿಕೊಳ್ಳಬೇಕು ಅನಿಸಿತು.

ಆಟೋದಲ್ಲಿ ನನ್ನನ್ನು ಆಸ್ಪತ್ರೆಗೆ ಸಾಗಿಸುತ್ತಲೇ, ಔಷಧ ಕೊಟ್ಟವನು ಯಾರೆಂದು ನನ್ನಿಂದ ಬಾಯಿಬಿಡಿಸಿ, ಅದರಲ್ಲಿ ಏನೇನಿತ್ತೆಂದು ಕೇಳಲು ಅವಳು ಧೊಂಡಿಬಾನಿಗೆ ಫೋನು ಹಚ್ಚಿ, ಸ್ಪೀಕರ್ ಹಾಕಿದಳು.

"ಮಾವಾ, ನಿನ್ನ ಔಷಧ... ಮೆಹಂದಿ ಕುಡ್ದೇನಿ!" ಎಂದು ನರಳಿದೆ.

"ಏನು? ಮೆಂಢಿ ಕುಡಿತೇನು?"

"ಮೆಹಂದಿ ಮಾವಾ, ಮೆಹಂದಿ!"

"ಹುಚ್ಚಪ್ಯಾಲಿ! ಮೆಂಢಿಗ್ಯಾಕ ಔಷಧ ಹಾಕ್ತಿ?" ಮಾವ ಅಬ್ಬರಿಸಿದ. ಆಟೋದವನು ತಿರುಗಿ ನೋಡಿದ. "ಕುರಿ ಗಬ್ಬ ಆಗಲಿಲ್ಲಂದ್ರ ನಾವು ಬರೇ ಕುರಿ ಹಿಂದ ಬೀಳಂಗಿಲ್ಲ. ಮೊದಲು ಟಗರ ನೋಡ್ತೇವಿ. ಕೆಲಸಕ್ಕ ಬರಲಿಲ್ಲಂದ್ರ ಟಗರೇ ಬದಲಿ ಮಾಡ್ತೇವಿ!"

ಫೋನು ಕಟ್ಟಾಯಿತು. ಸಿದ್ದೇಶ್ವರಿ ನಗುತ್ತಾಳೆಂದು ಕಾದೆ. ನಗಲಿಲ್ಲ. ಸೆರಗಿನಿಂದ ನನ್ನ ಬಾಯಿ ಒರೆಸುತ್ತ ಅತ್ತಳು. ಈ ಸಲ ದನಿ ಜೋರು ಮಾಡಲು ಟಿವಿ ಇರಲಿಲ್ಲ, ನಾನೂ ಅತ್ತೆ.

"ಹೋಗೂಣು. ತಪಾಸಣಿಗಿ," ಎಂದೆ.

ಎರಡು ವಾರ ಬಿಟ್ಟು, ಹೊಟ್ಟೆ ಸುಧಾರಿಸಿದ ಮೇಲೆ ಹೋದೆವು. ನರ್ಸಮ್ಮ ಮುಚ್ಚಳವಿದ್ದ ಸಣ್ಣ ಪ್ಲಾಸ್ಟಿಕ್ ಡಬ್ಬಿಯನ್ನು ಕೈಗಿತ್ತು, "ಮ್ಯಾಲ ಚೀಟಿ ಹಚ್ಚಿ ಬರ್ದು ಕೊಡ್ರಿ," ಅಂದಳು. ಹನ್ನೆರಡು ವರ್ಷ ಚೀಟಿ ಬರೆದವನು ನಾನು, ಪೆನ್ನು ತೆಗೆದೆ. ಏನು ಬರೆಯಬೇಕೆಂದೇ ತೋಚದೆ ಹೆಂಡತಿಯ ಮುಖ ನೋಡಿದೆ.

"ನಿಮ್ಮ ಹೆಸರ ಬರೀರಿ," ಅಂದಳು ಸಿದ್ದೇಶ್ವರಿ. "ಮತ್ತ ಮೆಹಂದಿ ಅಂತ ಬರ್ದು-ಗಿರ್ದೀರಿ!"