ಅಳೆದು ಸುರಿಯಿರಿ

ಉಪದೇಶ ಮಾಡುವುದೆಂದರೆ ನನಗೆ ಬಿಸಿ ಬೋಂಡದಷ್ಟೇ ಇಷ್ಟ. ಕುಂದಲಹಳ್ಳಿಯ ನಮ್ಮ ಆಫೀಸಿನಲ್ಲಿ ಸಿ ಭಾಷೆಯ ಪ್ರೋಗ್ರಾಂ ಬರೆಯುವವರಿಗೆಲ್ಲ ನಿಯಮಾವಳಿ ಮಾಡಿಕೊಟ್ಟವನು ನಾನೇ. ಸಿ ಭಾಷೆಗೆ ದಾಕ್ಷಿಣ್ಯ ಜಾಸ್ತಿ. ನಾಲ್ಕಕ್ಷರದ ಜಾಗಕ್ಕೆ ಹತ್ತಕ್ಷರ ತುಂಬಿದರೂ ಬೇಡ ಅನ್ನುವುದಿಲ್ಲ, ಹೆಚ್ಚಾದದ್ದನ್ನು ಪಕ್ಕದ ಜಾಗಕ್ಕೆ ಚೆಲ್ಲಿ ಎಲ್ಲವನ್ನೂ ಕೆಡಿಸುತ್ತದೆ. ಅದಕ್ಕೇ ನನ್ನ ಮೊದಲ ನಿಯಮ: ಪಾತ್ರೆ ಅಳೆಯದೆ ಸಾರು ಸುರಿಯಬೇಡಿ. ತಪ್ಪಿದವರ ಹೆಸರು ಬೋರ್ಡಿನ ಮೇಲೆ, ಜೊತೆಗೆ ಎಲ್ಲರಿಗೂ ಅವರದೇ ಟೀ. ಈ ಶಿಕ್ಷೆಯೂ ನನ್ನದೇ ಆವಿಷ್ಕಾರ. ಪುಕ್ಕಟೆ ಟೀ ಕುಡಿದು ಕುಡಿದು ನನಗೆ ಆಸಿಡಿಟಿಯೇ ಬಂದಿತ್ತು.

ಹೀಗಿರುವಾಗ ಪೀಣ್ಯದ ಕಾರ್ಖಾನೆಯೊಂದಕ್ಕೆ ನಮ್ಮ ಪ್ರೋಗ್ರಾಂ ಇರುವ ಯಂತ್ರ ಹೋಯಿತು, ಶುರುಮಾಡಿಕೊಡಲು ಜೊತೆಗೆ ನಾನೂ ಹೋದೆ. ಅದನ್ನು ನಡೆಸುವವರು ಮೊದಲು ಅದರ ಕೀಲಿಗಳಲ್ಲಿ ತಮ್ಮ ಹೆಸರು ಒತ್ತಬೇಕು. ಮೊದಲು ಅದನ್ನು ಇಂಗ್ಲಿಷಿನಲ್ಲೇ ಒತ್ತಬೇಕಿತ್ತು. ನಾನು ಮೇಜು ಗುದ್ದಿ ಜಗಳವಾಡಿ ಕನ್ನಡಕ್ಕೆ ಬದಲಾಯಿಸಿದ್ದೆ. ಮಂಜುನಾಥ ಒತ್ತಿದ, ಯಂತ್ರ ಓಡಿತು. ರಮೇಶ ಒತ್ತಿದ, ಓಡಿತು. ಬಾಗಲಕೋಟೆ ಕಡೆಯ ಸಂಗನಬಸವೇಶ್ವರಯ್ಯ ಹಿರೇಮಠ ಒತ್ತಿದ ಕೂಡಲೇ ಕೆಟ್ಟು ನಿಂತಿತು. ಮೂರು ಸಲ ಒತ್ತಿದರೂ ಅದೇ ಕಥೆ. ಸೂಪರ್‌ವೈಸರ್ ಮುಖ ಸಿಂಡರಿಸಿ, "ಇವ್ರು ಬೇಡ ಬಿಡಿ ಸಾರ್, ಲಾರಿ ಲೋಡಿಂಗ್‌ಗೆ ಹಾಕ್ತೀನಿ" ಅಂದರು.

ಹಿರೇಮಠರ ಮುಖ ಬಾಡಿತು. "ಆರು ತಿಂಗಳ ಟ್ರೇನಿಂಗ್ ಮಾಡೇನ್ರಿ ಸಾಹೇಬ್ರ. ಹೆಸರು ಉದ್ದ ಆತೇನ್ರಿ? ಬೇಕಾದ್ರ ಸಂಗ್ಯಾ ಅಂತ ಹಾಕ್ರಿ, ಮಷಿನ್ ಮಾತ್ರ ಬಿಡಿಸಬ್ಯಾಡ್ರಿ."

ನನಗೆ ಸಂಕಟವಾಯಿತು, ಸಿಟ್ಟೂ ಬಂತು. ಆಫೀಸಿನ ದಿವ್ಯಾಗೆ ಫೋನ್ ಮಾಡಿ ನಡೆದದ್ದನ್ನು ಹೇಳಿ, "ಅಳೆಯದೆ ಸುರಿದ ಮಹಾನುಭಾವ ಯಾರಮ್ಮ? ಮೊದ್ಲು ಹೆಸ್ರು ಹೇಳು!" ಎಂದು ಕೂಗಿದೆ.

ಹತ್ತು ನಿಮಿಷದಲ್ಲಿ ಅವಳೇ ಫೋನ್ ಮಾಡಿದಳು. "ಹುಡುಕಿದೆ ಸಾರ್. ಹೆಸ್ರಿಗೆ ನಲವತ್ತು ಬೈಟ್ ಜಾಗ ಇಟ್ಟಿದಾರೆ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದಲ್ಲಿ ಅಕ್ಷರಕ್ಕೆ ಮೂರು, ಗುಣಿತಕ್ಕೆ, ಒತ್ತಿಗೆ ಬೇರೆ ಲೆಕ್ಕ. ಇವ್ರ ಹೆಸ್ರಿಗೆ ಅರವತ್ತು ದಾಟುತ್ತೆ. ಪ್ರೋಗ್ರಾಂನಲ್ಲಿ ಆ ಸಾಲಿನ ಪಕ್ಕದಲ್ಲೇ 'ಹೆಸರು ತಾನೇ, ಅಳೆಯುವುದು ಬೇಡ' ಅಂತ ಬರೆದಿದಾರೆ ಸಾರ್."

"ಯಾರು?"

"ನೀವೇ ಸಾರ್."

ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ! ಕನ್ನಡ ಬೇಕೆಂದು ಮೇಜು ಗುದ್ದಿದವನೇ ಕನ್ನಡಿಗರಿಗೆ ಇಂಗ್ಲಿಷ್ ಅಳತೆಯ ಪಾತ್ರೆ ಇಟ್ಟಿದ್ದೆ.

ಮಧ್ಯಾಹ್ನದೊಳಗೆ ದಿವ್ಯಾ ಸರಿಪಡಿಸಿ ಕಳಿಸಿದಳು. ಹಿರೇಮಠರು ಅಳುಕುತ್ತಲೇ ಹೆಸರು ಒತ್ತಿದರು. ಯಂತ್ರ ಗುಂಯ್ ಎಂದಿತು. ಪರದೆಯ ಈ ಅಂಚಿನಿಂದ ಆ ಅಂಚಿಗೆ ಪೂರ್ತಿ ಹೆಸರು! ಅವರು ಫೋಟೋ ಹೊಡೆದು ಹೆಂಡತಿಗೆ ಕಳಿಸಿದರು. ನಿಜ ಹೇಳುತ್ತೇನೆ, ನನ್ನ ಕಣ್ಣೂ ಸ್ವಲ್ಪ ಒದ್ದೆಯಾಯಿತು.

ಮರುದಿನ ಆಫೀಸಿಗೆ ಹೋದರೆ ಎಲ್ಲರೂ ಟೀ ಲೋಟ ಹಿಡಿದು ಕಾಯುತ್ತಿದ್ದರು. ಬೋರ್ಡಿನಲ್ಲಿ ತಂದೆಯ ಹೆಸರು, ಊರು ಸಮೇತ ನನ್ನ ಹೆಸರು, ಈ ತುದಿಯಿಂದ ಆ ತುದಿಯವರೆಗೆ. ಇಷ್ಟು ದೊಡ್ಡದಾಗಿ ಯಾಕಮ್ಮ ಎಂದೆ.

"ಒಂದಕ್ಷರನೂ ಆಚೆ ಹೋಗಿಲ್ಲ ಸಾರ್" ಅಂದಳು ದಿವ್ಯಾ. "ಬೋರ್ಡ್ ಅಳೆದೇ ಬರೆದಿದೀನಿ."